ಫೌಂಟನ್ನಿನ ಹೂದೇವಿ

ಮುಂಬಯಿಯ ಫೋರ್ಟಿನಲ್ಲಿ ದುಡಿದ ಕನ್ನಡಿಗರಿಗೆ ‘ಫೌಂಟನ್’ ಎಂದರೆ ಸಾಕು, ಬೇರೆ ವಿಳಾಸ ಬೇಡ. ಬ್ಯಾಂಕು, ಹೈಕೋರ್ಟು, ನಮ್ಮ ಕಡೆಯವರ ಕ್ಯಾಂಟೀನು, ಫುಟ್‌ಪಾತಿನ ಹಳೇ ಪುಸ್ತಕದ ರಾಶಿ, ಹಗಲು ಲೋಟ ತೊಳೆದ ಹುಡುಗರು ಸಂಜೆ ಪಾಠ ಕಲಿತ ಕನ್ನಡ ರಾತ್ರಿ ಶಾಲೆಗಳು, ಎಲ್ಲವೂ ಅದರ ಆಸುಪಾಸಿನಲ್ಲೇ. ನನ್ನ ನೌಕರಿಯೂ ಅಲ್ಲೇ ಕಳೆಯಿತು. ಆದರೆ ಫ್ಲೋರಾ ಫೌಂಟನ್ನಿನ ಬುಡಕ್ಕೆ ಹೋಗಿ ಕತ್ತೆತ್ತಿ ನೋಡುವ ಭಾಗ್ಯ ಆಗ ಯಾರಿಗೂ ಇರಲಿಲ್ಲ. ಸುತ್ತ ಎಡೆಬಿಡದೆ ತಿರುಗುವ ಬಸ್ಸು, ಟ್ಯಾಕ್ಸಿ. ನಡುವೆ ದೂಳು ಹೊತ್ತ ಬಿಳಿ ಕಾರಂಜಿ. ನಾವು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ.

ಮೊದಲು ಇಲ್ಲಿ ಇದ್ದದ್ದು ಬ್ರಿಟಿಷರ ಕೋಟೆಯ ಬಾಗಿಲು. ಅಪೊಲೊ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್ ಎಂಬ ಮೂರರಲ್ಲಿ ಸೇಂಟ್ ಥಾಮಸ್ ಚರ್ಚಿನ ದಾರಿಗೆ ತೆರೆಯುತ್ತಿದ್ದ ಚರ್ಚ್ ಗೇಟ್ ನಿಂತಿದ್ದ ಜಾಗವೇ ಇದು. 1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರಿಯರ್ ಕೋಟೆಯ ಗೋಡೆಗಳನ್ನು ಕೆಡವಿಸಿ ಊರಿಗೆ ಜಾಗ ಬಿಡಿಸಿದ. ಅದು ದುಡ್ಡು ಹರಿದಾಡುತ್ತಿದ್ದ ಕಾಲ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ, ಮುಂಬಯಿಯಿಂದ ಹೋಗುವ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿಯೂ ಕುಮಟಾ ಬಂದರಿನಿಂದ ಹಡಗು ಹತ್ತಿ ಇದೇ ಪೇಟೆಗೆ ಬರುತ್ತಿತ್ತು. ಆ ಸಿರಿಯ ದಿನಗಳಲ್ಲೇ, 1864ರಲ್ಲಿ, ಈ ಕಾರಂಜಿ ರೂಪುಗೊಂಡಿತು.

ಆದರೆ ಅದನ್ನು ಮಾಡಿಸಿದ್ದು ಈ ಜಾಗಕ್ಕಲ್ಲ. ಪಶ್ಚಿಮ ಭಾರತದ ಕೃಷಿ-ತೋಟಗಾರಿಕೆ ಸಂಘ ಬೈಕುಲಾದ ವಿಕ್ಟೋರಿಯಾ ಗಾರ್ಡನ್ನಿಗೆಂದು, ಇಂದಿನ ರಾಣಿ ಬಾಗ್‌ಗೆಂದು, ಮಾಡಿಸಿತ್ತು. ಫ್ರಿಯರ್‌ನ ಹೆಸರಿಡುವ ಯೋಚನೆಯೂ ಇತ್ತು. ಒಟ್ಟು ಖರ್ಚು 47,000 ರೂಪಾಯಿ. ಅದರಲ್ಲಿ 20,000 ಕೊಟ್ಟವರು ಪಾರ್ಸಿ ದಾನಿ ಕರ್ಸೆಟ್‌ಜೀ ಫರ್ದೂನ್‌ಜೀ ಪಾರೇಖ್. ತೋಟದ ನೆರಳಲ್ಲಿ ಇರಬೇಕಾಗಿದ್ದ ಕಾರಂಜಿ ಊರಿನ ನಟ್ಟನಡುವೆ ಬಂದು ನಿಂತಿತು. ನನ್ನ ಮಟ್ಟಿಗೆ ಅದೇ ಒಳ್ಳೆಯದಾಯಿತು. ತೋಟಕ್ಕೆ ಹೋಗುವವರು ರಜೆಯಲ್ಲಿ ಮಾತ್ರ ಹೋಗುತ್ತಾರೆ, ಇದು ದಿನವೂ ದುಡಿಯುವವರ ದಾರಿಯಲ್ಲಿದೆ.

ವಿನ್ಯಾಸ ರಿಚರ್ಡ್ ನಾರ್ಮನ್ ಶಾ ಅವರದು. ಮುಂದೆ ಲಂಡನ್ನಿನ ನ್ಯೂ ಸ್ಕಾಟ್‌ಲೆಂಡ್ ಯಾರ್ಡ್ ಕಟ್ಟಡಕ್ಕೆ ನಕ್ಷೆ ಹಾಕಿದವರೂ ಅವರೇ. ಕೆತ್ತಿದ್ದು ಜೇಮ್ಸ್ ಫಾರ್ಸೈತ್. ಕಲ್ಲು ಇಂಗ್ಲೆಂಡಿನ ಪೋರ್ಟ್‌ಲೆಂಡ್ ಸುಣ್ಣಕಲ್ಲು, ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟಿದ್ದೂ ಇದೇ ಕಲ್ಲಿನಿಂದ. ತುದಿಯಲ್ಲಿ ರೋಮನರ ಹೂದೇವಿ ಫ್ಲೋರಾ, ಕೆಳಗೆ ಮೂಲೆಗಳಲ್ಲಿ ಮೂರ್ತಿಗಳು, ಅವುಗಳ ನಡುವೆ ಡಾಲ್ಫಿನ್ನು, ಕಡಲ ಚಿಪ್ಪು. ಉಡುಪಿಯಿಂದ ಬಂದಿದ್ದ ತಂಗಿಯ ಮಗಳು, “ಮಾಮ, ಇದು ಯಾವ ದೇವರು? ಪೂಜೆ ಯಾಕೆ ಮಾಡೋದಿಲ್ಲ?” ಎಂದು ಕೇಳಿದಳು. “ವಸಂತದ ದೇವಿ ಮಗ, ನೀರು ಬೀಳೋದೇ ಇವಳಿಗೆ ಅಭಿಷೇಕ” ಎಂದೆ.

ಈ ವೃತ್ತಕ್ಕೆ ಹುತಾತ್ಮ ಚೌಕ್ ಎಂಬ ಹೆಸರೂ ಇದೆ. 1955ರ ನವೆಂಬರ್ 21ರಂದು ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಇಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಚಳವಳಿಯುದ್ದಕ್ಕೂ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟರು. ಪಂಜು ಹಿಡಿದ ರೈತ ಮತ್ತು ಕಾರ್ಮಿಕನ ಸ್ಮಾರಕ ಕಾರಂಜಿಯ ಪಕ್ಕದಲ್ಲೇ ಇದೆ. ಅವರ ಬೇಡಿಕೆಯಲ್ಲಿ ಬೆಳಗಾವಿ, ಕಾರವಾರಗಳೂ ಇದ್ದವು, ಅದನ್ನು ನಾನು ಒಪ್ಪುವುದಿಲ್ಲ. ಆದರೆ ಭಾಷೆಗಾಗಿ ಬೀದಿಗಿಳಿದು ಸತ್ತವರೆದುರು ಕೈಮುಗಿಯಲು ಕನ್ನಡಿಗನಾದ ನನಗೆ ಯಾವ ಅಡ್ಡಿಯೂ ಇಲ್ಲ.

ಕಾರಂಜಿಯನ್ನು ಹೆಚ್ಚು ಹಾಳುಮಾಡಿದ್ದು ಮಳೆಯಲ್ಲ, ಬಣ್ಣ. ಬೆಳ್ಳಗೆ ಕಾಣಲೆಂದು ಮತ್ತೆ ಮತ್ತೆ ಬಳಿದ ಆಯಿಲ್ ಪೇಂಟ್ ಪದರವಾಗಿ ಕೂತಿತ್ತು. ಪೋರ್ಟ್‌ಲೆಂಡ್ ಕಲ್ಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಳಗೆ ಇಳಿದ ತೇವ ಅವುಗಳ ಮೂಲಕವೇ ಹೊರಗೆ ಆರಬೇಕು. ಮೇಲೆ ಬಣ್ಣ ಮುಚ್ಚಿದರೆ ತೇವ ಒಳಗೇ ನಿಂತು ಕಲ್ಲಿನ ಮೈ ಹೊಪ್ಪಳೆಯಾಗಿ ಉದುರುತ್ತದೆ. ಕೆತ್ತನೆಯ ಬೆರಳು, ಎಲೆ, ಸೆರಗಿನ ನೆರಿಗೆ ಮೊದಲು ಹೋಗುತ್ತವೆ. ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ ಅವರ ಮಾರ್ಗದರ್ಶನದಲ್ಲಿ ಆ ಪೇಂಟನ್ನು ತೆಗೆದು, ಬಿರುಕು ಮುಚ್ಚಿ, ನೀರಿನ ದಾರಿಯನ್ನು ಸರಿಪಡಿಸಿದರು. ಸುತ್ತ ನೆಲ ಅಗೆದಾಗ 1964ರಲ್ಲಿ ನಿಂತುಹೋದ ಟ್ರಾಮಿನ ಹಳಿಗಳೂ ಸಿಕ್ಕವು. 2019ರ ಜನವರಿಯಲ್ಲಿ ಕಾರಂಜಿ ಮತ್ತೆ ತೆರೆಯಿತು.

ಈಗ ಹತ್ತಿರದಿಂದ ನೋಡಿದರೆ ಕಲ್ಲಿನ ನಿಜವಾದ ಬಣ್ಣ ಕಾಣುತ್ತದೆ: ಸುಣ್ಣದ ಬಿಳಿಯಲ್ಲ, ಕೆನೆಯ ಬಣ್ಣ. ನಮ್ಮ ಊರುಗಳಲ್ಲೂ ವೃತ್ತದ ಪ್ರತಿಮೆಗಳಿಗೆ, ಹಳೆಯ ಕಲ್ಲಿನ ಮಂಟಪಗಳಿಗೆ ಹಬ್ಬ ಬಂತೆಂದರೆ ಡಬ್ಬಿಗಟ್ಟಲೆ ಪೇಂಟ್ ಸುರಿಯುತ್ತಾರೆ. ನಿಮ್ಮ ಊರಿನಲ್ಲಿ ಯಾರಾದರೂ ಕಲ್ಲಿಗೆ ಆಯಿಲ್ ಪೇಂಟ್ ಬಳಿಯಲು ಏಣಿ ಇಟ್ಟರೆ, ದಯವಿಟ್ಟು ತಡೆಯಿರಿ.