ಕಡಿದ ಕಾಲು ಮರಳಿ ಚಿಗುರುವ ಬಗೆ

ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಮಳೆಗಾಲ ಹಿಡಿಯಿತೆಂದರೆ, ಗದ್ದೆಯ ನಿಂತ ನೀರಿನಲ್ಲಿ ಗೊದಮೊಟ್ಟೆಗಳು ಗುಂಪುಗುಂಪಾಗಿ ಸುಳಿಯುವುದನ್ನು ಕಾಣದವರಿಲ್ಲ. ಹಿಂಗಾಲು ಆಗತಾನೆ ಮೊಳೆಯುತ್ತಿರುವ ಗೊದಮೊಟ್ಟೆಯ ಕಾಲು ಕಡಿದುಹೋದರೆ ಅದು ಮರಳಿ ಬೆಳೆಯಬಲ್ಲದು. ಅದೇ ಪ್ರಾಣಿ ಕಪ್ಪೆಯಾಗಿ ದಡವನ್ನೇರಿದ ಮೇಲೆ ಕಳೆದ ಕಾಲು ಕಳೆದಂತೆಯೇ ಸರಿ. ಬಾಲವುಳ್ಳ ಉಭಯಚರಿಯಾದ ನ್ಯೂಟಿಗಾದರೋ ಈ ವರ ಪ್ರಾಯ ಬಂದ ಮೇಲೂ ತಪ್ಪಿದ್ದಲ್ಲ. ಇಂತಹ ಪ್ರಾಣಿಗಳ ಕಾಲು ಮರಳಿ ಬೆಳೆಯುವುದನ್ನು ಇಟಲಿಯ ಸ್ಪಲ್ಲಂಜಾನಿ ಎಂಬ ಪಂಡಿತನು 1768ರಲ್ಲಿಯೇ ಲೋಕಕ್ಕೆ ತಿಳಿಸಿದನು.

ಗಾಯವನ್ನು ಮೊದಲು ಚರ್ಮವು ಮುಚ್ಚುತ್ತದೆ. ಅದರಡಿಯಲ್ಲಿ ಜೀವಕೋಶಗಳು ಕಲೆತು ಒಂದು ಮೊಗ್ಗಾಗುತ್ತವೆ. ಮಣಿಕಟ್ಟಿನಲ್ಲಿ ಕಡಿದರೆ ಆ ಮೊಗ್ಗಿನಿಂದ ಅಂಗೈ ಬೆರಳುಗಳಷ್ಟೇ ಬರುತ್ತವೆ. ತೋಳಿನಲ್ಲಿ ಕಡಿದರೆ ಮೊಣಕೈಯಿಂದ ಬೆರಳಿನವರೆಗೆ ಎಲ್ಲವೂ ಬರುತ್ತದೆ. ತಾವು ಎಲ್ಲಿದ್ದೇವೆಂಬುದು ಕಣ್ಣಿಲ್ಲದ ಕೋಶಗಳಿಗೆ ತಿಳಿಯುವುದೆಂತು?

ಉತ್ತರದ ಒಂದು ಪಾಲು ಅವುಗಳ ಮೈಮೇಲೆಯೇ ಇದೆ. ಕೋಶದ ಹೊರಮೈಯಲ್ಲಿ ನೆರೆಯ ಕೋಶವನ್ನು ಹಿಡಿದುಕೊಳ್ಳುವ ಅಂಟಿನ ಅಣುಗಳುಂಟು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಎಂಬವರು ಉಭಯಚರಿಯ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿ ಬೆರಸಿಟ್ಟರು. ಅವು ಜಾತ್ರೆಯಲ್ಲಿ ತಪ್ಪಿದ ಮಕ್ಕಳು ಮನೆಯವರನ್ನು ಸೇರುವಂತೆ ತಮ್ಮತಮ್ಮ ಬಳಗವನ್ನು ಸೇರಿಕೊಂಡುವು. 1983ರಲ್ಲಿ ನಾರ್ಡಿ ಮತ್ತು ಸ್ಟೋಕಮ್ ಎಂಬವರು ಬುಡದ ಮೊಗ್ಗನ್ನು ತುದಿಯ ಮೊಗ್ಗಿಗೆ ಜೋಡಿಸಿಟ್ಟಾಗ, ಬುಡದ್ದು ತುದಿಯದನ್ನು ಸುತ್ತುವರಿಯಿತು. ಅಂಟಿನ ಹೆಚ್ಚುಕಡಮೆಯಲ್ಲಿ ಕೋಶದ ವಿಳಾಸ ಅಡಗಿದೆಯೆಂಬುದಕ್ಕೆ ಇದು ಸಾಕ್ಷಿ. 2002ರಲ್ಲಿ ಲಂಡನ್ನಿನ ಬ್ರೋಕ್ಸ್ ಮತ್ತು ಸಂಗಡಿಗರು ನ್ಯೂಟಿನ ಕೋಶಗಳ ಹೊರಮೈಯಲ್ಲಿ ಪ್ರಾಡ್-1 ಎಂಬ ಪ್ರೋಟೀನನ್ನು ಕಂಡರು. ಅದು ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಮೆ. ಅದನ್ನು ತಡೆದರೆ ಆ ಸುತ್ತುವರಿಯುವಿಕೆಯೂ ಕುಂದುತ್ತದೆ.

ಇದರ ಮುನ್ಸೂಚನೆ ನಮ್ಮ ದೇಶದಲ್ಲಿಯೇ ದೊರೆತಿತ್ತು. 1978ರಲ್ಲಿ ನಿಯಾಜಿ ಮತ್ತು ಸಕ್ಸೇನಾ ಎಂಬವರು ನೆಲಗಪ್ಪೆಯ ಗೊದಮೊಟ್ಟೆಗಳ ಕಾಲನ್ನು ಕಡಿದು 'ಎ' ಜೀವಸತ್ವವನ್ನು ಅಧಿಕವಾಗಿ ಕೊಟ್ಟರು. ಮೊಣಕಾಲಿನ ಕೆಳಗಿನ ಗಾಯದಿಂದ ತೊಡೆಯ ಭಾಗವೂ ಹುಟ್ಟಿತು. ತುದಿಯ ಕೋಶಗಳು ತಾವು ಬುಡದಲ್ಲಿರುವೆವೆಂದು ಭ್ರಮಿಸಿದಂತಾಯಿತು. ಈ ಜೀವಸತ್ವದಿಂದ ಹುಟ್ಟುವ ಆಮ್ಲವು ಪ್ರಾಡ್-1ನ್ನು ಹೆಚ್ಚಿಸುವುದೆಂದು ಬಳಿಕ ತಿಳಿದುಬಂತು. 1992ರಲ್ಲಿ ಒಡಿಶಾದ ಮೊಹಂತಿ ಹೆಜಮಾಡಿಯವರು ಮತ್ತು ಸಂಗಡಿಗರು ಇದೇ ಜೀವಸತ್ವದಿಂದ ಕಡಿದ ಬಾಲದ ಜಾಗದಲ್ಲಿ ಕಾಲುಗಳು ಹುಟ್ಟಿದುದನ್ನು ಪ್ರಕಟಿಸಿದರು.

ಯಂತ್ರಕ್ಕೆ ಬೆರಳು ಕೊಟ್ಟ ಕೂಲಿಕಾರನಿಗೆ ಇದರಿಂದ ಪ್ರಯೋಜನವೇನು? ಎಳೆಮಕ್ಕಳ ಬೆರಳ ತುದಿ ಕೆಲವು ವೇಳೆ ಮರಳಿ ಬೆಳೆಯುವುದುಂಟು; ಅದಕ್ಕಿಂತ ಹೆಚ್ಚಿನದು ಮನುಷ್ಯನಿಗೆ ಇನ್ನೂ ಕೈಗೂಡಿಲ್ಲ. ಆದರೆ ಕೋಶಗಳನ್ನು ಹೆಚ್ಚಿಸಿದರಷ್ಟೆ ಸಾಲದು, ಅವಕ್ಕೆ ತಮ್ಮ ಠಾವಿನ ಅರಿವೂ ಬೇಕೆಂಬ ಪಾಠವನ್ನು ಗದ್ದೆಯ ಗೊದಮೊಟ್ಟೆ ನಮಗೆ ಕಲಿಸಿದೆ.