ಜಾರ್ಜ್ ಫರ್ನಾಂಡಿಸ್ ಮತ್ತು ರೈಲ್ವೆಯವರ ಪಿಂಚಣಿ

ಚುನಾವಣೆ ಬಂತೆಂದರೆ ನಿಂತ ಹುರಿಯಾಳುಗಳೆಲ್ಲ ಕಾರ್ಮಿಕರ ಪರವೇ. ಆ ಮಾತು ಬಿಟ್ಟು ಲೆಕ್ಕ ನೋಡಬೇಕೆಂದು ನನ್ನ ಅಭಿಪ್ರಾಯ. ಕಾಮರ್ಸಿನವನಿಗೆ ಮತ್ತೇನು ಕಾಣಿಸೀತು ಎಂದು ನಗಬೇಡಿ. ಬಾಯಿಮಾತಿನವರನ್ನು ಬಿಟ್ಟು, ಕಾರ್ಮಿಕರಿಗಾಗಿ ನಿಜವಾಗಿ ದುಡಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ (1930–2019) ಅವರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲೇ ಮುಂಬೈ ಸೇರಿದ ಅವರು ಟ್ಯಾಕ್ಸಿಯವರನ್ನು, ಮುನಿಸಿಪಾಲಿಟಿ ಕೆಲಸಗಾರರನ್ನು ಒಟ್ಟುಗೂಡಿಸಿದರು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ದಕ್ಷಿಣ ಮುಂಬೈಯಲ್ಲಿ ನಿಂತು ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ಆಗ ರೈಲ್ವೆ ಮಂತ್ರಿ! (ಅದೇ ವರ್ಷ ಅದೇ ಪಕ್ಷದ ಎಸ್. ಎಂ. ಜೋಶಿಯವರು ನಮ್ಮ ಪುಣೆಯಿಂದ ಗೆದ್ದರು.) ಮುಂದೆ 1974ರ ಮೇ 8ರಂದು ಇದೇ ಜಾರ್ಜ್ ಅವರ ಕರೆಗೆ ದೇಶದ ರೈಲುಗಳು ನಿಂತವು. ಬೋನಸ್ಸು, ಎಂಟು ತಾಸಿನ ದುಡಿಮೆ, ಪಗಾರ ಹೆಚ್ಚಳ ಬೇಡಿಕೆಗಳು. ಸಾವಿರಾರು ಜನ ಜೈಲು ಕಂಡರು. ಮೇ 27ಕ್ಕೆ ಮುಷ್ಕರ ಮುರಿಯಿತು. ಬೋನಸ್ಸು ಕೈಗೆ ಬಂದದ್ದು 1979ರಲ್ಲಿ.

ಈಗ ಪಿಂಚಣಿಗೆ ಬರೋಣ. ಹಳೆಯ ಪದ್ಧತಿಯಲ್ಲಿ ನೌಕರನ ಕೊನೆಯ ಮೂಲವೇತನ 60,000 ಇದ್ದರೆ, ಪೂರ್ತಿ ಸೇವೆ ಮಾಡಿದವನಿಗೆ ತಿಂಗಳಿಗೆ 30,000, ಮೇಲೆ ತುಟ್ಟಿಭತ್ಯೆ. ಇದಕ್ಕೆಂದು ಪಗಾರದಲ್ಲಿ ಒಂದು ಪೈಸೆ ಕಡಿತವಿಲ್ಲ. ಹೊಸ ಪದ್ಧತಿಯಲ್ಲಿ ನೌಕರನಿಂದ ಶೇ. 10, ಸರಕಾರದಿಂದ ಅಷ್ಟೇ (2019ರಿಂದ ಕೇಂದ್ರದ್ದು ಶೇ. 14). ಆ ಹಣ ಷೇರು, ಸಾಲಪತ್ರಗಳಿಗೆ ಹೋಗುತ್ತದೆ. ಕೊನೆಗೆ ಎಷ್ಟು ಬರುತ್ತದೆ ಅನ್ನೋದು ಪೇಟೆಯ ಕೈಲಿ. ಅಂದರೆ ನಷ್ಟದ ಭಯ ಸರಕಾರದ ಹೆಗಲಿನಿಂದ ನೌಕರನ ಹೆಗಲಿಗೆ ಬಂತು.

ಇದು ಜಾರಿಗೆ ಬಂದದ್ದು 2004ರ ಜನವರಿ 1ರಿಂದ, ರೈಲ್ವೆಗೂ ಸೇರಿ. ತೀರ್ಮಾನಿಸಿದ್ದು ವಾಜಪೇಯಿ ಸರಕಾರ. ಅದರಲ್ಲಿ ರಕ್ಷಣಾ ಮಂತ್ರಿ ಜಾರ್ಜ್ ಫರ್ನಾಂಡಿಸ್. ಅವರ ಖಾತೆಯ ಸೈನಿಕರಿಗೆ ವಿನಾಯಿತಿ ಸಿಕ್ಕಿತು. ಒಂದು ಕಾಲಕ್ಕೆ ಅವರ ಹಿಂದೆ ನಿಂತಿದ್ದ ರೈಲ್ವೆಗೆ ಸಿಗಲಿಲ್ಲ.

ಹಾಗಾದರೆ 1974ರ ಹಾಗೆ ರೈಲು ಯಾಕೆ ನಿಲ್ಲಲಿಲ್ಲ? ಯಾಕೆಂದರೆ ನಿಯಮ ಹಳಬರನ್ನು ಮುಟ್ಟಲೇ ಇಲ್ಲ, ಅಂದಿನಿಂದ ಸೇರುವವರಿಗೆ ಮಾತ್ರ. ಕಳಕೊಳ್ಳುವವರು ಇನ್ನೂ ನೌಕರಿಗೇ ಬಂದಿರಲಿಲ್ಲ. ಎಷ್ಟೋ ಜನ ಶಾಲೆಯಲ್ಲಿದ್ದರು. ಶಾಲೆಯ ಹುಡುಗರು ಮುಷ್ಕರ ಹೂಡುತ್ತಾರೆಯೇ? ಇಷ್ಟು ಜಾಣತನದ ಕಡಿತವನ್ನು ನಾನು ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲೂ ಕಂಡಿಲ್ಲ. ಒಬ್ಬರನ್ನೇ ದೂರುವುದೂ ಸರಿಯಲ್ಲ: ಇದಕ್ಕೆ ಕಾಯಿದೆಯ ರೂಪ ಕೊಟ್ಟದ್ದು 2013ರ ಕಾಂಗ್ರೆಸ್ ಸರಕಾರ. ಮಹಾರಾಷ್ಟ್ರ 2005ರಲ್ಲಿ, ಕರ್ನಾಟಕ 2006ರಲ್ಲಿ ಇದೇ ದಾರಿ ಹಿಡಿದವು.

ಕೂಗು ಎದ್ದದ್ದು ಆ ಹುಡುಗರು ನೌಕರರಾದ ಮೇಲೆ. 2023ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ಸರಕಾರಿ ನೌಕರರು ಒಂದು ವಾರ ಕೆಲಸ ನಿಲ್ಲಿಸಿದರು. 2025ರ ಏಪ್ರಿಲ್‌ನಿಂದ ಕೇಂದ್ರ ಸರಕಾರ 25 ವರ್ಷ ದುಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟು ಪಿಂಚಣಿಯ ಭರವಸೆ ಕೊಟ್ಟಿದೆ, ಬೇಕಾದವರು ಆರಿಸಿಕೊಳ್ಳಬಹುದು. ಪಗಾರದ ಶೇ. 10 ಕಡಿತ ಮಾತ್ರ ಇದ್ದೇ ಇದೆ.

ಆದ್ದರಿಂದ ಓಟು ಕೇಳಲು ಬಂದವರನ್ನು "ನೌಕರರಿಗೆ ಏನು ಕೊಡ್ತೀರಿ?" ಅಂದರೆ ಸಾಲದು. "ಇನ್ನೂ ನೌಕರಿಗೆ ಸೇರದ ನಮಗೆ ಏನು, ದುಡ್ಡು ಕಡಿಮೆ ಬಿದ್ದರೆ ತುಂಬೋರು ಯಾರು?" ಅಂತ ಕೇಳಬೇಕು. ಸರಕಾರಿ ನೌಕರಿ ಸಿಗದಿದ್ದವರು ಇನ್ನೊಂದು ಪ್ರಶ್ನೆ ಇಟ್ಟುಕೊಳ್ಳಲಿ: ಪಿಂಪ್ರಿ-ಚಿಂಚವಾಡದ ಖಾಸಗಿ ಕಾರ್ಖಾನೆಗಳ ಕೆಲಸಗಾರರಿಗೂ ಅನ್ವಯಿಸುವ ಭವಿಷ್ಯನಿಧಿ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ.