ಚೆಂಡಾಟದ ವಸ್ತಾದ

ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆಗೆ ಹೋದವರು ಕುಸ್ತಿಯ ಕಣದ ಅಂಚಿನಲ್ಲಿ ಒಬ್ಬ ಮುದುಕನನ್ನು ಕಂಡೇ ಇರುತ್ತಾರೆ. ಕಿವಿ ಮುದುಡಿದೆ, ಮೊಣಕಾಲು ಮಣಿಯದು. ಆದರೂ ಕಣದೊಳಗಿನ ಹುಡುಗ ಪಟ್ಟು ತಪ್ಪಿದರೆ ಇವನ ಭುಜ ತಾನಾಗಿ ಹೊರಳುತ್ತದೆ. ಅವನೇ ವಸ್ತಾದ. ಹರೆಯದಲ್ಲಿ ಊರೂರು ತಿರುಗಿ, ಜೋಡಿಗೆ ಇಷ್ಟೆಂದು ಗೊತ್ತುಮಾಡಿಕೊಂಡು ಸೆಣಸಿದವನು. ಮುಪ್ಪಿನಲ್ಲಿ ಗರಡಿಯ ಮಣ್ಣನ್ನು ಹದಮಾಡುವವನು. ಇಂಥದೇ ಬಾಳು ಕಡಲಾಚೆ ಇನ್ನೊಂದು ಆಟದಲ್ಲಿಯೂ ಸಂದದ್ದುಂಟು.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ. ಜೋ ಲ್ಯಾಪ್‌ಚಿಕ್ ಆ ಆಟಕ್ಕಿಂತ ಒಂಬತ್ತೇ ವರ್ಷ ಕಿರಿಯನು. ನ್ಯೂಯಾರ್ಕಿನ ಮಗ್ಗುಲಲ್ಲಿರುವ ಯಾಂಕರ್ಸ್ ಪಟ್ಟಣದಲ್ಲಿ, ಚೆಕ್ ನಾಡಿನಿಂದ ವಲಸೆ ಬಂದ ಮನೆತನದಲ್ಲಿ ಜನಿಸಿದನು. ಓದು ಬೇಗನೆ ನಿಂತಿತು. ಆದರೆ ಆರಡಿ ಐದಂಗುಲದ ನಿಲುವು ಅಂದಿನ ದಿನಗಳಲ್ಲಿ ಅಪೂರ್ವವಾದದ್ದು. ಆಗ ಪ್ರತಿಯೊಂದು ಗೋಲಿನ ಮೇಲೂ ಅಂಗಳದ ನಡುವೆ ಚೆಂಡನ್ನು ಮೇಲಕ್ಕೆಸೆದು, ಎರಡು ಕಡೆಯ ಇಬ್ಬರು ನೆಗೆದು ತಟ್ಟಬೇಕು. ನೀಳಕಾಯನಿದ್ದ ತಂಡಕ್ಕೆ ಚೆಂಡು ಒಲಿದಂತೆಯೇ! ಹದಿಹರೆಯದ ಜೋಗೆ ಗಿರಾಕಿಗಳು ಹುಟ್ಟಿಕೊಂಡರು. ಏಕಕಾಲಕ್ಕೆ ಹಲವು ತಂಡಗಳಿಗೆ, ಆಟಕ್ಕೆ ಇಷ್ಟು ಡಾಲರೆಂದು ಚೌಕಾಸಿ ಮಾಡಿ ಆಡಿದನು. ಎರಡು ಆಟಗಳು ಒಂದೇ ಸಂಜೆಗೆ ಬಂದರೆ ಹೆಚ್ಚು ಕೊಟ್ಟವರ ಪಾಲಿಗೆ. ಇದನ್ನು ನಿಷ್ಠೆಗೇಡಿತನವೆನ್ನಲು ನನ್ನ ಮನಸ್ಸೊಪ್ಪದು, ಬಡವನ ಲೆಕ್ಕವದು.

1923ರಲ್ಲಿ ಆತನು 'ಒರಿಜಿನಲ್ ಸೆಲ್ಟಿಕ್ಸ್' ತಂಡವನ್ನು ಸೇರಿದನು. ಅಲ್ಲಿ ಆಟಗಾರರಿಗೆ ಇಡೀ ಹಂಗಾಮಿನ ಕರಾರು. ಕೂಡಿ ಉಂಡು, ಕೂಡಿ ತಿರುಗಿದ ಅವರಲ್ಲಿ ಒಬ್ಬನ ಮನಸ್ಸು ಇನ್ನೊಬ್ಬನ ಕೈಗೆ ತಿಳಿಯುವಂತಾಯಿತು. ಎದುರಾಳಿಗಳೇ ಉಳಿಯದಷ್ಟು ಗೆದ್ದದ್ದರಿಂದ 1928ರಲ್ಲಿ ಆ ತಂಡವನ್ನು ಒಡೆದು ಹಂಚಿದರು! ಕಪ್ಪು ಜನರದೇ ಆದ 'ನ್ಯೂಯಾರ್ಕ್ ರೆನೆಸಾನ್ಸ್' ತಂಡದೊಡನೆಯೂ ಸೆಲ್ಟಿಕ್ಸ್ ಮೇಲಿಂದ ಮೇಲೆ ಸೆಣಸಿತ್ತು. ಆ ಪರಿಚಯ ಮುಂದೆ ಫಲಿಸಿತೆಂದು ತೋರುತ್ತದೆ.

1936ರಲ್ಲಿ, ಕಾಲೇಜಿನ ಮೆಟ್ಟಿಲು ಹತ್ತದ ಈತನು ಸೇಂಟ್ ಜಾನ್ಸ್ ಕಾಲೇಜಿನ ತರಬೇತುದಾರನಾದನು. 1943, 1944ರಲ್ಲಿ ರಾಷ್ಟ್ರೀಯ ಆಹ್ವಾನ ಪಂದ್ಯಾವಳಿಯನ್ನು ಬೆನ್ನುಬೆನ್ನಿಗೆ ಗೆಲ್ಲಿಸಿದನು. 1947ರಿಂದ ವೃತ್ತಿಪರ ತಂಡವಾದ ನ್ಯೂಯಾರ್ಕ್ ನಿಕ್ಸ್. ಅದು 1951ರಿಂದ ಮೂರು ವರ್ಷ ಸತತವಾಗಿ ಅಂತಿಮ ಸುತ್ತಿಗೇರಿ, ಮೂರು ಸಲವೂ ಸೋತಿತು.

ಆದರೆ ನೆನೆಯಬೇಕಾದುದು 1950ರ ಸಂಗತಿ. ಬಿಳಿಯರಿಗೇ ಮೀಸಲಾಗಿದ್ದ ಎನ್‌ಬಿಎ ಕೂಟಕ್ಕೆ ಆ ವರ್ಷ ಕಪ್ಪು ಆಟಗಾರರು ಮೊದಲ ಬಾರಿ ಕಾಲಿಟ್ಟರು. ಅವರಲ್ಲೊಬ್ಬ ನ್ಯಾಟ್ ಕ್ಲಿಫ್ಟನ್. ರೆನೆಸಾನ್ಸ್ ಪರವಾಗಿ ಆಡಿದ್ದವನು, ಈಗ ಲ್ಯಾಪ್‌ಚಿಕ್ಕನ ತಂಡಕ್ಕೆ ಬಂದನು. ಯಾಂಕರ್ಸಿನ ಮನೆಯೆದುರಿನ ಮರಕ್ಕೆ ಲ್ಯಾಪ್‌ಚಿಕ್ಕನ ಪ್ರತಿಕೃತಿಯನ್ನು ನೇಣು ಹಾಕಿದರು. ಐದು ವರ್ಷದ ಮಗ ರಿಚರ್ಡ್ ಕಿಟಕಿಯಿಂದ ಅದನ್ನು ಕಂಡನು. ಮನೆಯ ಮತ್ತೊಂದು ಟೆಲಿಫೋನನ್ನು ತಂದೆಗೆ ತಿಳಿಯದಂತೆ ಎತ್ತಿದಾಗ ಅವನ ಕಿವಿಗೆ ಬಿದ್ದದ್ದು ಬೈಗುಳ. ಕುಲದ ಗೋಡೆಯನ್ನು ಅಲ್ಲಗಳೆದ ಬಸವಣ್ಣನು ಹುಟ್ಟಿದ ನೆಲದವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ.

1951ರಲ್ಲಿ ಕಾಲೇಜು ಆಟದೊಳಗಿನ ಜೂಜಿನ ಹಗರಣ ಹೊರಬಿದ್ದಿತು. ಹಣಕ್ಕೆ ಆಟ ಮಾರಿದ ಹುಡುಗರು ಸಿಕ್ಕಿಬಿದ್ದರು. ಲ್ಯಾಪ್‌ಚಿಕ್ ಆ ಸುದ್ದಿಯ ಪತ್ರಿಕಾ ತುಣುಕುಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿಟ್ಟನು. ತನ್ನ ಕೈಕೆಳಗಿನ ಆಟಗಾರನು ಅದನ್ನು ಓದಿ ರುಜು ಹಾಕಬೇಕು. ತಾನೇ ಒಮ್ಮೆ ಆಟಕ್ಕೆ ಬೆಲೆ ಕಟ್ಟಿದವನು; ಆಟದ ಕೂಲಿಗೂ ಸೋಲಿನ ಕೂಲಿಗೂ ಇರುವ ಅಂತರವನ್ನು ಅವನಷ್ಟು ಬಲ್ಲವರಾರು?

ಆರೋಗ್ಯ ಕೆಟ್ಟು 1956ರಲ್ಲಿ ನಿಕ್ಸ್ ತೊರೆದು ಸೇಂಟ್ ಜಾನ್ಸಿಗೆ ಮರಳಿದನು. ಅಲ್ಲಿ ಆಗ ಅರವತ್ತೈದಕ್ಕೆ ನಿವೃತ್ತಿ ಕಡ್ಡಾಯವಾಗಿತ್ತು. 1965ರಲ್ಲಿ, ಆತನ ಕೊನೆಯ ಆಟದಲ್ಲಿ, ಹುಡುಗರು ವಿಲನೋವಾ ತಂಡವನ್ನು 55-51ರಿಂದ ಸೋಲಿಸಿ ಅದೇ ಆಹ್ವಾನ ಪಂದ್ಯಾವಳಿಯನ್ನು ನಾಲ್ಕನೆಯ ಸಲ ಗೆದ್ದುಕೊಟ್ಟರು. 1970ರಲ್ಲಿ ಲ್ಯಾಪ್‌ಚಿಕ್ ತೀರಿಕೊಂಡನು. ಕಿಟಕಿಯಲ್ಲಿ ನಿಂತಿದ್ದ ಆ ಮಗು ರಿಚರ್ಡ್ ಬೆಳೆದು, 1984ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕ್ರೀಡೆ ಮತ್ತು ಸಮಾಜದ ಅಧ್ಯಯನಕ್ಕೆಂದು ಒಂದು ಕೇಂದ್ರವನ್ನು ಕಟ್ಟಿದನು.